ಉಪದೇಶಕಿಗೆ ಎಷ್ಟು ಕೊಡಬೇಕು?

ಧರ್ಮದ ಕೆಲಸಕ್ಕೆ ಹಣ ಕೇಳಬಹುದೇ? ಈ ಪ್ರಶ್ನೆ ಎಲ್ಲ ಧರ್ಮಗಳಲ್ಲೂ ಹಳೆಯದು. ಪ್ರವಚನ ಮಾಡುವವರು, ಪ್ರಾರ್ಥನೆ ನಡೆಸುವವರು, ಮಕ್ಕಳಿಗೆ ಧರ್ಮಪಾಠ ಹೇಳುವವರು ಹಣದ ಮಾತೆತ್ತಬಾರದು ಎಂದು ನಾವು ಬಯಸುತ್ತೇವೆ. ಅವರಿಗೂ ಹಸಿವಿದೆ, ಮನೆ ಬಾಡಿಗೆಯಿದೆ ಎಂಬುದನ್ನು ಮರೆಯುತ್ತೇವೆ. ಸೇವೆ ಮಾಡುವವಳು ಹೆಣ್ಣಾದರಂತೂ ಈ ಮರೆವು ಇನ್ನಷ್ಟು ಸುಲಭ. ಅಮೆರಿಕದ ಕ್ರೈಸ್ತ ಉಪದೇಶಕಿಯರ ಇತಿಹಾಸವನ್ನು ಓದಿದರೆ ಈ ಮರೆವಿಗೆ ಅವರು ತೆತ್ತ ಬೆಲೆ ಏನೆಂಬುದು ತಿಳಿಯುತ್ತದೆ.

ಜರೀನಾ ಲೀ 1783ರಲ್ಲಿ ನ್ಯೂಜೆರ್ಸಿಯಲ್ಲಿ ಹುಟ್ಟಿದ ಆಫ್ರಿಕನ್ ಮೂಲದ ಮಹಿಳೆ. ಉಪದೇಶ ಮಾಡಲು ಅವಕಾಶ ಕೊಡಿ ಎಂದು ಆಕೆ ಆಫ್ರಿಕನ್ ಮೆಥಡಿಸ್ಟ್ ಸಭೆಯ ನಾಯಕ ರಿಚರ್ಡ್ ಅಲೆನ್‌ರನ್ನು ಕೇಳಿದಾಗ ಮೊದಲು ಸಿಕ್ಕಿದ್ದು ನಿರಾಕರಣೆ. ಕೆಲವು ವರ್ಷಗಳ ನಂತರ ಆರಾಧನೆಯ ನಡುವೆ ಆಕೆ ಎದ್ದು ನಿಂತು ಮಾತನಾಡಿದ್ದನ್ನು ಕೇಳಿ ಅಲೆನ್ ಮನಸ್ಸು ಬದಲಿಸಿದರು. ಬಳಿಕ ಆಕೆ ಊರೂರು ಸುತ್ತಿದರು. 1827ರ ಒಂದೇ ವರ್ಷದಲ್ಲಿ 2,325 ಮೈಲಿ ಪ್ರಯಾಣಿಸಿ 178 ಉಪದೇಶಗಳನ್ನು ಮಾಡಿದರು. ಆದರೆ ಅನುಮತಿ ಸಿಕ್ಕಿತೇ ಹೊರತು ಸಂಬಳದ ಹುದ್ದೆ ಸಿಗಲಿಲ್ಲ. 1836ರಲ್ಲಿ ಆಕೆ ತನ್ನ ಜೀವನಕಥೆಯ ಸಾವಿರ ಪ್ರತಿಗಳನ್ನು 38 ಡಾಲರ್ ಕೊಟ್ಟು ತಾನೇ ಅಚ್ಚು ಹಾಕಿಸಿ, ಧಾರ್ಮಿಕ ಕೂಟಗಳಲ್ಲಿ ಮಾರಿದರು. ಉಪದೇಶದ ಖರ್ಚಿಗೆ ಉಪದೇಶಕಿಯೇ ಪುಸ್ತಕ ಮಾರಬೇಕಾಗಿ ಬಂತು!

ಇದಾಗಿ ನಾಲ್ಕು ದಶಕಗಳ ಬಳಿಕವೂ ಪರಿಸ್ಥಿತಿ ಹೆಚ್ಚು ಬದಲಾಗಿರಲಿಲ್ಲ. ಆನ್ನಾ ಹೋವರ್ಡ್ ಶಾ 1915ರಲ್ಲಿ ಪ್ರಕಟಿಸಿದ ಆತ್ಮಕಥೆ ಇದಕ್ಕೆ ಸಾಕ್ಷಿ. 1847ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಆಕೆ ಬೆಳೆದದ್ದು ಅಮೆರಿಕದ ಮಿಶಿಗನ್ ಕಾಡಿನಂಚಿನ ಬಡ ಮನೆಯಲ್ಲಿ. ಹದಿಹರೆಯದಲ್ಲೇ ಶಾಲೆಯಲ್ಲಿ ಕಲಿಸಲು ಹೊರಟ ಆಕೆಗೆ ವಾರಕ್ಕೆ ಎರಡು ಡಾಲರ್ ಸಂಬಳ. ಹದಿಮೂರು ವಾರಗಳ ಆ 26 ಡಾಲರ್ ಕೈಗೆ ಬರಬೇಕಾದರೆ ಊರಿನವರಿಂದ ನಾಯಿ ತೆರಿಗೆ ವಸೂಲಾಗುವವರೆಗೆ ಕಾಯಬೇಕಾಯಿತು. ತಡವಾದರೂ ಅದು ಬಂತು, ಏಕೆಂದರೆ ಅದು ಮೊದಲೇ ಗೊತ್ತುಪಡಿಸಿದ ಸಂಬಳವಾಗಿತ್ತು.

1870ರಲ್ಲಿ ಆಕೆ ಮೊದಲ ಉಪದೇಶ ಮಾಡಿದಾಗ ಮನೆಯವರಿಗೆ ಅವಮಾನವಾಯಿತು. ಉಪದೇಶದ ಹುಚ್ಚು ಬಿಟ್ಟರೆ ವಿಶ್ವವಿದ್ಯಾಲಯದಲ್ಲಿ ಓದಿಸುತ್ತೇವೆ ಎಂದರು. ಆಕೆ ಒಪ್ಪಲಿಲ್ಲ. 1876ರಲ್ಲಿ ಬೋಸ್ಟನ್ ವಿಶ್ವವಿದ್ಯಾಲಯದ ದೇವತಾಶಾಸ್ತ್ರ ಶಾಲೆ ಸೇರಿದರು. ತರಗತಿಯಲ್ಲಿ ನಲವತ್ತೆರಡು ಯುವಕರು, ಆಕೆ ಒಬ್ಬಳೇ ಹೆಣ್ಣು.

ಇಲ್ಲಿಯ ಲೆಕ್ಕವನ್ನು ಗಮನಿಸಬೇಕು. ಪರವಾನಗಿ ಪಡೆದ ಯುವ ಉಪದೇಶಕರಿಗೆ ಹಾಸ್ಟೆಲಿನಲ್ಲಿ ಉಚಿತ ವಾಸ. ಅವರಿಗಾಗಿಯೇ ಇದ್ದ ಊಟದ ಕ್ಲಬ್ಬಿನಲ್ಲಿ ವಾರಕ್ಕೆ ಒಂದೂಕಾಲು ಡಾಲರಿಗೆ ಊಟ. ಅದೇ ಪರವಾನಗಿ ಇದ್ದರೂ ಆನ್ನಾಗೆ ಹಾಸ್ಟೆಲಿಗೂ ಕ್ಲಬ್ಬಿಗೂ ಪ್ರವೇಶವಿರಲಿಲ್ಲ. ಹೊರಗೆ ಕೋಣೆ ಹಿಡಿಯಲೆಂದು ವಾರಕ್ಕೆ ಎರಡು ಡಾಲರ್ ಕೊಟ್ಟರು. ಅದು ಬಾಡಿಗೆಗೇ ಹೋಯಿತು. ಊಟವನ್ನು ಆಕೆಯೇ ನೋಡಿಕೊಳ್ಳಬೇಕಿತ್ತು. ಮಾಳಿಗೆಯ ಮೇಲಿನ ತಣ್ಣಗಿನ ಕೋಣೆಯಲ್ಲಿ ಹಾಲು, ಬಿಸ್ಕತ್ತು ತಿಂದು ಆಕೆ ದಿನ ದೂಡಿದರು. ಎಷ್ಟೋ ಸಲ ಅದೂ ಇರಲಿಲ್ಲ.

ಆ ದಿನಗಳಲ್ಲೇ ಒಬ್ಬ ಸಭಾಪಾಲಕರು ತಮ್ಮ ಸಭೆಯ ಉಜ್ಜೀವನ ಕೂಟಕ್ಕೆ ನೆರವಾಗಲು ಕರೆದರು. ವಾರವಿಡೀ ಆಕೆ ದುಡಿದರು. ಕೂಟ ಮುಗಿದಾಗ ಸಭಾಪಾಲಕರು ಆಕೆಯ ಸೇವೆಯನ್ನು ಮನಸಾರೆ ಹೊಗಳಿ, ಕಾಣಿಕೆ ನಿರೀಕ್ಷಿಸಿದಷ್ಟು ಬಂದಿಲ್ಲ, ಆದ್ದರಿಂದ ಏನೂ ಕೊಡಲಾಗದು ಎಂದು ಬೀಳ್ಕೊಟ್ಟರು. ಹಸಿದ ಹೊಟ್ಟೆಯಲ್ಲಿ ಬಾಗಿಲ ಕಡೆ ನಡೆದಾಗ ಒಬ್ಬ ಮುದುಕಿ ಕೈಗೆ ಐದು ಡಾಲರಿನ ನೋಟು ಇಟ್ಟಳು. ದಾರಿ ತಪ್ಪಿದ್ದ ಅವಳ ಮೊಮ್ಮಗ ಆ ವಾರ ಮನ ತಿರುಗಿಸಿಕೊಂಡಿದ್ದನಂತೆ. ಮುದುಕಿ ಉಳ್ಳವಳೇನಲ್ಲ. ಆ ನೋಟು ಆನ್ನಾಗೆ ಹಣಕ್ಕಿಂತ ದೊಡ್ಡದಾಗಿ ಕಂಡಿತು.

ಈ ಪ್ರಸಂಗವನ್ನು ಓದುವಾಗ ನಮ್ಮ ಕಣ್ಣು ಮುದುಕಿಯ ಔದಾರ್ಯದ ಮೇಲೆ ನಿಲ್ಲುತ್ತದೆ. ಅದು ಸಹಜವೇ. ಆದರೆ ಸಭೆಯ ಹೊಣೆಯನ್ನು ಒಬ್ಬ ಬಡ ಅಜ್ಜಿ ಹೊರಬೇಕಾಗಿ ಬಂತಲ್ಲ, ಅದನ್ನು ಯಾರು ಕೇಳಬೇಕು? ಕಾಣಿಕೆ ಕಡಿಮೆಯಾದದ್ದು ಆನ್ನಾ ತಪ್ಪೇ? ಕರೆಯುವ ಮುನ್ನವೇ ಇಷ್ಟು ಕೊಡುತ್ತೇವೆ ಎಂದು ಹೇಳಿದ್ದರೆ ನಷ್ಟವನ್ನು ಸಭೆಯೆಲ್ಲ ಹಂಚಿಕೊಳ್ಳುತ್ತಿತ್ತು. ಹೇಳದೆ ಇದ್ದುದರಿಂದ ಅದನ್ನು ಎಲ್ಲರಿಗಿಂತ ಬಡವಳಾದ ಉಪದೇಶಕಿಯೇ ಹೊತ್ತಳು.

ಹಸಿವು, ದಣಿವಿನಿಂದ ಆಕೆ ಒಮ್ಮೆ ಶಾಲೆಯ ಮೆಟ್ಟಿಲ ಮೇಲೆ ಕುಸಿದು ಕುಳಿತರು. ಅದೇ ಕಟ್ಟಡದಲ್ಲಿ ಮೆಥಡಿಸ್ಟ್ ಮಹಿಳೆಯರ ವಿದೇಶ ಮಿಷನ್ ಸಂಘದ ಕಚೇರಿಯಿತ್ತು. ಅದರ ಮುಖ್ಯಸ್ಥೆ ಬ್ಯಾರೆಟ್ ಇದನ್ನು ಕಂಡು ವಿಚಾರಿಸಿದರು. ಓದು ಮುಗಿಯುವವರೆಗೆ ವಾರಕ್ಕೆ ಮೂರೂವರೆ ಡಾಲರ್ ಕೊಡಲು ಒಬ್ಬ ಸ್ನೇಹಿತೆ ಸಿದ್ಧರಿದ್ದಾರೆ ಎಂದರು. ಅಂದಿನಿಂದ ಆನ್ನಾ ಹೊಟ್ಟೆತುಂಬ ಉಂಡು ಓದಿದರು. ದಾನಿ ಯಾರೆಂಬುದು ತಿಳಿಯಲಿಲ್ಲ.

ಈ ಸಂಘಕ್ಕೂ ನಮ್ಮ ದೇಶಕ್ಕೂ ನಂಟಿದೆ. 1869ರಲ್ಲಿ ಬೋಸ್ಟನ್ನಿನ ಕೆಲವೇ ಮಹಿಳೆಯರು ಸೇರಿ ಅದನ್ನು ಕಟ್ಟಿದರು. ಒಬ್ಬೊಬ್ಬ ಸದಸ್ಯೆ ವಾರಕ್ಕೆ ಎರಡು ಸೆಂಟ್ ಕೊಡಬೇಕು ಎಂಬುದು ಅವರ ಕ್ರಮ. ಈ ಚಿಲ್ಲರೆ ಹಣದ ಬಲದಿಂದಲೇ ಅದೇ ವರ್ಷ ಇಸಬೆಲ್ಲಾ ಥೋಬರ್ನ್ ಮತ್ತು ಡಾಕ್ಟರ್ ಕ್ಲಾರಾ ಸ್ವೇನ್ ಭಾರತಕ್ಕೆ ಹೊರಟರು. ಲಕ್ನೋದಲ್ಲಿ ಥೋಬರ್ನ್ ಹುಡುಗಿಯರ ಶಾಲೆ ತೆರೆದರು. ಬರೇಲಿಯಲ್ಲಿ, ರಾಮ್‌ಪುರದ ನವಾಬರು 1871ರಲ್ಲಿ ಕೊಟ್ಟ ಜಾಗದಲ್ಲಿ, ಸ್ವೇನ್‌ರ ಮಹಿಳಾ ಆಸ್ಪತ್ರೆ ಎದ್ದಿತು. ಸಣ್ಣ ಮೊತ್ತವಾದರೂ ಗೊತ್ತುಪಡಿಸಿ, ತಪ್ಪದೆ ಕೂಡಿಸಿದರೆ ಸೇವಕಿಯರನ್ನು ಸಾಗರದಾಚೆಗೂ ನಡೆಸಿಕೊಳ್ಳಬಹುದು ಎಂದು ಆ ಹೆಂಗಸರು ತೋರಿಸಿಕೊಟ್ಟರು. ಹಣವಿಲ್ಲ ಎಂಬ ನೆಪಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೇ?

ಓದು ಮುಗಿಸಿ 1878ರಲ್ಲಿ ಆನ್ನಾ ಈಸ್ಟ್ ಡೆನಿಸ್ ಎಂಬ ಊರಿನ ಸಭೆಯ ಹೊಣೆ ಹೊತ್ತರು. ಆದರೆ ಗುರುದೀಕ್ಷೆ ಆಗದ್ದರಿಂದ ದೀಕ್ಷಾಸ್ನಾನ, ಕರ್ತನ ಭೋಜನಗಳನ್ನು ನಡೆಸುವಂತಿರಲಿಲ್ಲ. ಅದಕ್ಕೆ ಬೇರೊಬ್ಬ ಪಾದ್ರಿಯೇ ಬರಬೇಕಿತ್ತು. ಆಕೆಯೂ ಆನ್ನಾ ಆಲಿವರ್ ಎಂಬ ಮತ್ತೊಬ್ಬ ಪದವೀಧರೆಯೂ ದೀಕ್ಷೆ ಕೇಳಿದಾಗ, 1880ರ ಮೆಥಡಿಸ್ಟ್ ಎಪಿಸ್ಕೋಪಲ್ ಮಹಾಸಭೆ ನಿರಾಕರಿಸಿತು. ಅಷ್ಟೇ ಅಲ್ಲ, ಮಹಿಳೆಯರಿಗೆ ಕೊಟ್ಟಿದ್ದ ಉಪದೇಶದ ಪರವಾನಗಿಗಳನ್ನೂ ರದ್ದುಪಡಿಸಿತು. ಅದೇ ವರ್ಷ ಮೆಥಡಿಸ್ಟ್ ಪ್ರಾಟೆಸ್ಟಂಟ್ ಎಂಬ ಚಿಕ್ಕ ಸಭೆ ಶಾಗೆ ದೀಕ್ಷೆ ಕೊಟ್ಟಿತು. ಅಮೆರಿಕದ ಮೆಥಡಿಸ್ಟ್ ಮಹಿಳೆಯರಿಗೆ ಗುರುವರ್ಗದ ಪೂರ್ಣ ಹಕ್ಕು ಸಿಕ್ಕಿದ್ದು 1956ರಲ್ಲಿ. ಸಂಬಳದ ಪ್ರಶ್ನೆ ಸ್ಥಾನಮಾನದ ಪ್ರಶ್ನೆಯೊಂದಿಗೆ ಹೇಗೆ ಹೆಣೆದುಕೊಂಡಿದೆ ಎಂಬುದಕ್ಕೆ ಇದೊಂದು ನಿದರ್ಶನ. ಹುದ್ದೆಯೇ ಇಲ್ಲದವಳಿಗೆ ಹುದ್ದೆಯ ಸಂಬಳ ಎಲ್ಲಿಂದ?

1885ರಲ್ಲಿ ಆಕೆ ಸಭೆಯ ಕೆಲಸ ಬಿಟ್ಟು ಮಹಿಳಾ ಮತದಾನದ ಹೋರಾಟಕ್ಕೆ ಇಳಿದರು. 1904ರಿಂದ 1915ರವರೆಗೆ ರಾಷ್ಟ್ರೀಯ ಸಂಘಟನೆಯ ಅಧ್ಯಕ್ಷೆಯಾಗಿದ್ದರು. 1919ರಲ್ಲಿ ತೀರಿಕೊಂಡರು.

ಹಾಗಾದರೆ ನ್ಯಾಯವಾದ ಸಂಭಾವನೆ ಯಾವುದು? ಆನ್ನಾ ಬದುಕಿನಿಂದಲೇ ಮೂರು ಮಾತು ಹೊರಡುತ್ತವೆ. ಮೊದಲನೆಯದು, ಎಷ್ಟೆಂಬುದು ಕರೆಯುವಾಗಲೇ ಗೊತ್ತಾಗಬೇಕು; ಕಾಣಿಕೆ ಡಬ್ಬಿ ತೆರೆದ ಮೇಲಲ್ಲ. ಎರಡನೆಯದು, ವೇದಿಕೆಯ ಮೇಲಿನ ಒಂದು ಗಂಟೆಯನ್ನಲ್ಲದೆ ಪ್ರಯಾಣ, ವಾಸ, ಊಟ, ಸಿದ್ಧತೆ ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮೂರನೆಯದು, ಅದೇ ಕೆಲಸಕ್ಕೆ ಗಂಡಸಿಗೆ ಏನು ಸಲ್ಲುತ್ತದೋ ಹೆಂಗಸಿಗೂ ಅದೇ ಸಲ್ಲಬೇಕು.

ಹಣ ಕೊಟ್ಟು ಪ್ರಾರ್ಥನೆಯನ್ನು ಕೊಳ್ಳಲಾಗದು, ನಿಜ. ಆದರೆ ಪ್ರಾರ್ಥನೆ ನಡೆಸುವವಳು ಗಾಳಿ ಕುಡಿದು ಬದುಕುವುದಿಲ್ಲ. ದುಡಿದವನಿಗೆ ಕೂಲಿ ಸಲ್ಲಬೇಕೆಂಬ ಮಾತು ಬೈಬಲಿನಲ್ಲೇ ಇದೆ. ಆನ್ನಾ ಸಹಪಾಠಿಗಳಿಗೆ ಹಕ್ಕಾಗಿ ಸಿಕ್ಕಿದ್ದು ಆಕೆಗೆ ದಾನವಾಗಿ ಸಿಕ್ಕಿತು. ಒಂದು ಸಲ ಮುದುಕಿಯಿಂದ, ಮತ್ತೊಮ್ಮೆ ಹೆಸರಿಲ್ಲದ ಗೆಳತಿಯಿಂದ. ಇಬ್ಬರೂ ಹೆಂಗಸರೇ ಎಂಬುದನ್ನು ಮರೆಯದಿರೋಣ. ದಾನಿಗಳನ್ನು ನಾವು ಹೊಗಳೋಣ. ಆದರೆ ಮುಂದಿನ ಉಪದೇಶಕಿಗೆ ಅಂಥ ದಾನಿ ಸಿಗದೆ ಹೋದರೆ? ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಅವಳನ್ನು ಕರೆದವರು.