ಸ್ವಾಮಿ ಇವತ್ತು ಮನೆ ಬಿಟ್ಟು ಓಡಿಹೋಗಿದ್ರೆ?

ಮಾಲ್ಗುಡಿಯ ಸ್ವಾಮಿ ಇವತ್ತಿನ ಕಾಲದಲ್ಲಿ ಮನೆ ಬಿಟ್ಟು ಓಡಿಹೋಗಿದ್ರೆ ಏನಾಗ್ತಿತ್ತು? ಈ ಪ್ರಶ್ನೆ ನನ್ನ ತಲೆಗೆ ಬಂದಿದ್ದು ಪುಸ್ತಕ ಓದುವಾಗ ಅಲ್ಲ ವೀಕ್ಷಕರೇ, ಸುಲ್ತಾನ್‌ಪೇಟೆಯಿಂದ ಬಂದ ಒಂದು ಫೋನ್ ಕರೆಯಿಂದ. ಆ ಕರೆಯ ವಿಷಯಕ್ಕೆ ಆಮೇಲೆ ಬರ್ತೀನಿ. ಮೊದಲು ಸ್ವಲ್ಪ ಇತಿಹಾಸ.

1930. ಬೆಂಗಳೂರಿನ ಅಜ್ಜಿ ಮನೆಯಲ್ಲಿದ್ದ, ಇನ್ನೂ ಕೆಲಸ ಅಂತ ಒಂದಕ್ಕೂ ಅಂಟಿಕೊಳ್ಳದ ಆರ್.ಕೆ. ನಾರಾಯಣ್, ಅಜ್ಜಿ ಗೊತ್ತುಮಾಡಿಕೊಟ್ಟ ಒಂದು ಶುಭದಿನ ನೋಟ್‌ಬುಕ್ ಕೊಂಡು ತಂದು ಬರೆಯೋಕೆ ಕೂತರು. ಕಣ್ಣಮುಂದೆ ಬಂದಿದ್ದು ಒಂದು ಪುಟ್ಟ ರೈಲ್ವೆ ಸ್ಟೇಷನ್. ಅದರ ಹೆಸರು ಮಾಲ್ಗುಡಿ. ಮಲ್ಲೇಶ್ವರದ ಅರ್ಧ, ಬಸವನಗುಡಿಯ ಅರ್ಧ ಸೇರಿಸಿ ಮಾಲ್ಗುಡಿ ಆಯ್ತು ಅಂತ ನಾವು ಬೆಂಗಳೂರಿನವರು ಹೆಮ್ಮೆಯಿಂದ ಹೇಳ್ಕೋತೀವಿ. ನಾರಾಯಣ್ ಮಾತ್ರ ತಮ್ಮ ಆತ್ಮಕಥೆಯಲ್ಲಿ ಸ್ಟೇಷನ್ ತಾನಾಗೇ ಹೊಳೆದ ಕತೆಯನ್ನ ಹೇಳ್ತಾರೆ. ಇರಲಿ, ಹೆಮ್ಮೆಗೆ ಖರ್ಚಿಲ್ಲ.

ಗ್ರಹಾಂ ಗ್ರೀನ್ ಶಿಫಾರಸಿನಿಂದ 1935ರಲ್ಲಿ ಲಂಡನ್‌ನಲ್ಲಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಪ್ರಕಟವಾಯ್ತು. ನಮ್ಮ ತಲೆಮಾರಿಗೆ ಅದು ಪುಸ್ತಕಕ್ಕಿಂತ ಹೆಚ್ಚಾಗಿ ದೂರದರ್ಶನದ ‘ಮಾಲ್ಗುಡಿ ಡೇಸ್’. ಶಂಕರ್‌ನಾಗ್ ನಿರ್ದೇಶನ, ಆಗುಂಬೆಯ ಮಳೆ, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ್ ಕಾರ್ನಾಡ್. ಇಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿ, ನಾಳೆ ಪರೀಕ್ಷೆ ಅನ್ನೋ ರಾತ್ರಿ ಕೂತು ನಾನು ಅದನ್ನ ನೋಡಿದ್ದೀನಿ. ಫಲಿತಾಂಶ ಕೇಳಬೇಡಿ.

ಕತೆ ನೆನಪಿದೆಯಲ್ಲ? ಊರಲ್ಲಿ ಪ್ರತಿಭಟನೆ, ಅದೂ 1930ರ ಆಗಸ್ಟ್ 15ರಂದು. ಸ್ವಾತಂತ್ರ್ಯ ಬರೋದಕ್ಕೆ 12 ವರ್ಷ ಮುಂಚೆ ಅಚ್ಚಾದ ಪುಸ್ತಕದಲ್ಲಿ ಈ ತಾರೀಖು! ಹುರುಪಿನಲ್ಲಿ ಸ್ವಾಮಿ ಶಾಲೆಯ ಗಾಜು ಒಡೀತಾನೆ, ಶಾಲೆ ಬಿಡ್ತಾನೆ, ಬೋರ್ಡ್ ಹೈಸ್ಕೂಲ್ ಸೇರ್ತಾನೆ. ಕ್ರಿಕೆಟ್ ಪ್ರಾಕ್ಟೀಸ್‌ಗೋಸ್ಕರ ಡ್ರಿಲ್ ತಪ್ಪಿಸ್ತಾನೆ. ಹೆಡ್‌ಮಾಸ್ಟರ್ ಬೆತ್ತ ಎತ್ತಿದಾಗ ಅದನ್ನೇ ಕಿತ್ತು ಕಿಟಕಿಯಿಂದಾಚೆ ಎಸೆದು ಓಟ. ಊರಾಚೆಯ ಕಾಡುದಾರಿಯಲ್ಲಿ ಕತ್ತಲಾಗಿ, ದಾರಿ ತಪ್ಪಿ, ಪ್ರಜ್ಞೆ ತಪ್ಪಿ ಬೀಳ್ತಾನೆ.

ಇವತ್ತಾಗಿದ್ರೆ? ಬೆತ್ತದ ಪ್ರಶ್ನೆ ಬೇಗ ಮುಗಿಯುತ್ತೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ಹೊಡೆಯೋದನ್ನೂ ಮಾನಸಿಕ ಕಿರುಕುಳ ಕೊಡೋದನ್ನೂ ನಿಷೇಧಿಸಿದೆ. ಆ ಹೆಡ್‌ಮಾಸ್ಟರ್ ಮೇಲೇ ಶಿಸ್ತುಕ್ರಮ. ಇವತ್ತಿನ ಸ್ವಾಮಿ ಬಹುಶಃ ಓಡೋದು ಬೆತ್ತಕ್ಕೆ ಹೆದರಿ ಅಲ್ಲ, ಮಾರ್ಕ್ಸ್ ಕಾರ್ಡ್‌ಗೆ ಹೆದರಿ.

ಹುಡುಕಾಟದಲ್ಲಂತೂ ಭೂಮಿ ಆಕಾಶದ ವ್ಯತ್ಯಾಸ. ಕಾದಂಬರಿಯಲ್ಲಿ ಸ್ವಾಮಿಯ ಅಪ್ಪ ರಾತ್ರಿ ಮಗನನ್ನ ಹುಡುಕ್ತಾ ಸರಯೂ ದಡಕ್ಕೆ, ರೈಲು ಹಳಿ ಕಡೆಗೆ ಹೋಗ್ತಾರೆ. ಏನನ್ನ ಹುಡುಕ್ತಿದ್ದಾರೆ ಅಂತ ಬಾಯಿಬಿಟ್ಟು ಹೇಳೋ ಧೈರ್ಯ ಅವರಿಗಿಲ್ಲ. ಹುಡುಗ ಬದುಕಿದ್ದು ಒಬ್ಬ ಗಾಡಿಯವನ ಕಣ್ಣಿಗೆ ಬಿದ್ದಿದ್ದಕ್ಕೆ, ಅದೃಷ್ಟಕ್ಕೆ. ಇವತ್ತು? 2013ರ ಸುಪ್ರೀಂ ಕೋರ್ಟ್ ಆದೇಶದ ಪ್ರಕಾರ ಮಗು ಕಾಣೆ ಅಂತ ದೂರು ಬಂದ್ರೆ ಎಫ್‌ಐಆರ್ ಆಗಲೇಬೇಕು, ಅಪಹರಣ ಅಂತಲೇ ತನಿಖೆ ಶುರುವಾಗಬೇಕು. ‘ಎಲ್ಲೋ ಸ್ನೇಹಿತರ ಮನೇಲಿ ಇರ್ತಾನೆ, ನಾಳೆ ಬನ್ನಿ’ ಅನ್ನೋ ಹಾಗಿಲ್ಲ. 1098 ಸಹಾಯವಾಣಿ ಇದೆ. ಬೀದಿಬೀದಿಗೆ ಸಿಸಿಟಿವಿ, ಚಿಕ್ಕಪೇಟೆ ಮೆಟ್ರೋ ಸ್ಟೇಷನ್‌ನಲ್ಲೂ ಕ್ಯಾಮೆರಾ. ಇದೆಲ್ಲ ಒಳ್ಳೇದೇ. ಹಳೇ ಕಾಲ ಚೆನ್ನಾಗಿತ್ತು ಅನ್ನೋರು ಆ ಅಪ್ಪನ ಜೊತೆ ಒಂದು ರಾತ್ರಿ ರೈಲು ಹಳಿ ಮೇಲೆ ನಡೆದು ನೋಡಲಿ.

ಆದ್ರೆ ವಾಪಸ್ ಬಂದಮೇಲೆ?

ಮಾಲ್ಗುಡಿಯ ಸ್ವಾಮಿ ವಾಪಸ್ ಬಂದಾಗ ಅವನು ಕಳ್ಕೊಂಡಿದ್ದು ಎರಡು. ಒಂದು ಮ್ಯಾಚ್, ಮತ್ತೆ ಮಾತು ಬಿಟ್ಟ ಗೆಳೆಯ ರಾಜಂ. ಅವನಿಗೆ ಅದೇ ಆಕಾಶದಷ್ಟು ದೊಡ್ಡ ದುಃಖ, ಒಪ್ಕೋತೀನಿ. ಆದ್ರೆ ಊರು ಅವನ ಓಟವನ್ನ ದಾಖಲೆ ಮಾಡಿ ಇಟ್ಕೊಳ್ಳಲಿಲ್ಲ.

ಈಗ ಸುಲ್ತಾನ್‌ಪೇಟೆಗೆ ಬರೋಣ. ಆ ಕಡೆ ಪೇಪರ್, ಲಗ್ನಪತ್ರಿಕೆ ವ್ಯಾಪಾರದ ಅಂಗಡಿಗಳು ಸಾಲಾಗಿವೆ. ಫೋನ್ ಮಾಡಿದವರು ಅಲ್ಲೇ ಅಂಗಡಿ ಇಟ್ಟಿರೋ ಒಬ್ಬ ತಂದೆ. ಕೆಲವು ವರ್ಷದ ಹಿಂದೆ ಅವರ ಮಗ ಪರೀಕ್ಷೆ ಹೊತ್ತಲ್ಲಿ ಮನೆ ಬಿಟ್ಟಿದ್ದ. ಆಗ ನಾನಿದ್ದ ಚಾನೆಲ್‌ನಲ್ಲಿ ಫೋಟೋ, ಶಾಲೆ ಹೆಸರು, ಅಮ್ಮ ಅಳೋ ದೃಶ್ಯ ಎಲ್ಲ ಓಡ್ತು. ಮಾರನೇ ದಿನ ಬೆಳಗ್ಗೆ ಹುಡುಗ ಸುರಕ್ಷಿತವಾಗಿ ಸಿಕ್ಕ. ಸಂಜೆವರೆಗೂ ನಾವು ನಿಲ್ಲಿಸಲಿಲ್ಲ, ‘ಯಾಕೆ ಓಡಿದ?’ ಅಂತ ಚರ್ಚೆ ಬೇರೆ. ಈಗ ಅವನು ಕಾಲೇಜು ಮುಗಿಸಿ ಕೆಲಸ ಹುಡುಕ್ತಿದ್ದಾನೆ. ತಂದೆ ಕೇಳಿದ್ದು ಇಷ್ಟೇ: “ಸರ್, ಮಗ ಅವತ್ತೇ ಸಿಕ್ಕಾಯ್ತು. ನಿಮ್ಮ ವಿಡಿಯೋ ಯಾಕೆ ಇನ್ನೂ ಅವನನ್ನ ಹುಡುಕ್ತಾ ಇದೆ?”

ಕಾನೂನು ಇಲ್ಲ ಅಂತ ಅಂದ್ಕೋಬೇಡಿ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಮನೆ ಬಿಟ್ಟು ಓಡಿದ ಮಗುವೂ ‘ಆರೈಕೆ ಮತ್ತು ರಕ್ಷಣೆ ಬೇಕಾದ ಮಗು’. ಅದರ 74ನೇ ಸೆಕ್ಷನ್ ಪ್ರಕಾರ ಅಂಥ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಮಾಧ್ಯಮದಲ್ಲಿ ಬರೋ ಹಾಗಿಲ್ಲ. ತಪ್ಪಿದ್ರೆ ಆರು ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮಗುವಿನ ಹಿತಕ್ಕೆ ಬೇಕು ಅಂದ್ರೆ ಸಮಿತಿ ಅನುಮತಿ ಕೊಡಬಹುದು. ಹುಡುಗ ಸಿಕ್ಕಮೇಲೆ ಸಂಜೆ ಚರ್ಚೆ ಮಾಡೋದು ಯಾವ ಹಿತ, ನೀವೇ ಹೇಳಿ.

ಇಲ್ಲೊಂದು ಸ್ವಾರಸ್ಯ ಇದೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಡ್ತು. ಆ ತೀರ್ಪಿಗಿರೋ ಹೆಸರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರದ್ದು. ಪುಟ್ಟ ಸ್ವಾಮಿ! ಅದರಲ್ಲಿ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್, ಮಕ್ಕಳು ತಿಳಿಯದೆ ಮಾಡಿದ ತಪ್ಪಿನ ಹೊರೆ ಜೀವನಪೂರ್ತಿ ಅವರ ಮೇಲಿರಬಾರದು ಅಂತ ಬರೆದಿದ್ದಾರೆ. ಮಾಲ್ಗುಡಿಗೆ ಆ ತೀರ್ಪು ಬೇಕಿರಲಿಲ್ಲ. ಜನರ ಮರೆವು ಆ ಕೆಲಸವನ್ನ ಪುಕ್ಕಟೆ ಮಾಡ್ತಿತ್ತು.

ಹಳೇ ಸಹೋದ್ಯೋಗಿಗಳಿಗೆ ಹೇಳಿ ಆ ಚಾನೆಲ್‌ನ ವಿಡಿಯೋ ತೆಗೆಸಿದೆ. ತಂದೆ ಥ್ಯಾಂಕ್ಸ್ ಅಂದ್ರು, ಮಗನಿಗೆ ಹೇಳ್ತೀನಿ ಅಂದ್ರು. ಸಮಾಧಾನ ಆಗದೆ ಮೊನ್ನೆ ರಾತ್ರಿ ನಾನೇ ಹುಡುಕಿ ನೋಡಿದೆ. ಯಾರ್ಯಾರೋ ಕದ್ದು, ಮ್ಯೂಸಿಕ್ ಸೇರಿಸಿ ಹಾಕಿಕೊಂಡಿರೋ ಪ್ರತಿಗಳು ಇನ್ನೂ ಮೂರು ಕಡೆ ಓಡ್ತಿವೆ. ಒಂದರಲ್ಲಿ ಧ್ವನಿ ನನ್ನದೇ.