ತಾಮ್ರದ ತಗಡಿನಲ್ಲಿ ಶುಭಸಂದೇಶ

ಬಲಿಪೂಜೆಯಲ್ಲಿ ಓದುವ ಶುಭಸಂದೇಶವನ್ನು ಧ್ಯಾನಿಸುವಾಗ ಗುರುವಿದ್ಯಾರ್ಥಿಗಳ ಕಣ್ಣ ಮುಂದೆ ಚಿತ್ರವಿರಬೇಕೆಂಬುದು ಯೇಸುಸಭೆಯ ಸ್ಥಾಪಕರಾದ ಸಂತ ಇಗ್ನೇಷಿಯಸ್ ಲೊಯೋಲಾರ ಆಸೆಯಾಗಿತ್ತು. ಈ ಹೊಣೆ ಅವರ ಆಪ್ತರಾದ ವಂ. ಜೆರೋನಿಮೊ ನದಾಲರ ಪಾಲಿಗೆ ಬಂತು. ನದಾಲರು 1580ರಲ್ಲಿ ನಿಧನರಾದರು. 153 ಚಿತ್ರಗಳ ಅವರ ಪುಸ್ತಕ ಆಂಟ್‌ವರ್ಪ್ ನಗರದಲ್ಲಿ ಅಚ್ಚಾದದ್ದು 1593ರಲ್ಲಿ. ಈ ವಿಳಂಬಕ್ಕೆ ಹಣದ ಕೊರತೆ, ಯುದ್ಧ ಎಲ್ಲವೂ ಸೇರಿವೆ. ಆದರೆ ಕೆತ್ತನೆಯ ಕೆಲಸವೇ ಅಷ್ಟು ಕಠಿಣವಾಗಿತ್ತು.

ಮರದ ಅಚ್ಚಿನಲ್ಲಿ ಉಬ್ಬಿದ ಗೆರೆಗೆ ಶಾಯಿ ಹತ್ತುತ್ತದೆ. ತಾಮ್ರದಲ್ಲಿ ಇದಕ್ಕೆ ವಿರುದ್ಧ; ಕೊರೆದ ಗೆರೆಯೊಳಗೆ ಶಾಯಿ ನಿಲ್ಲಬೇಕು. ಕೆತ್ತನೆಗಾರ ಬ್ಯೂರಿನ್ ಎಂಬ ಚೂಪಾದ ಉಕ್ಕಿನ ಉಳಿಯನ್ನು ಅಂಗೈಯಿಂದ ಮುಂದಕ್ಕೆ ತಳ್ಳುತ್ತಾನೆ. ಬಾಗಿದ ಗೆರೆ ಬೇಕಾದರೆ ಕೈಯನ್ನಲ್ಲ, ಚರ್ಮದ ದಿಂಬಿನ ಮೇಲಿಟ್ಟ ತಗಡನ್ನೇ ತಿರುಗಿಸುತ್ತಾನೆ. ನೆರಳಿಗೆ ಬಣ್ಣವಿಲ್ಲ. ಗೆರೆಯ ಪಕ್ಕ ಗೆರೆ, ಅದರ ಮೇಲೆ ಅಡ್ಡ ಗೆರೆ, ಅಷ್ಟೇ. ತಪ್ಪಿದರೆ ಆ ಜಾಗವನ್ನು ಹೆರೆದು, ಹಿಂಬದಿಯಿಂದ ಸುತ್ತಿಗೆಯಲ್ಲಿ ತಟ್ಟಿ ಸಮಮಾಡಿ ಮತ್ತೆ ಕೊರೆಯಬೇಕು. ಮುದ್ರಣದಲ್ಲಿ ಚಿತ್ರ ಎಡಬಲ ಅದಲುಬದಲಾಗುವುದರಿಂದ ಆಶೀರ್ವದಿಸುವ ಯೇಸುವಿನ ಬಲಗೈಯನ್ನು ತಗಡಿನಲ್ಲಿ ಎಡಗೈಯಾಗಿ ಕೆತ್ತಬೇಕಿತ್ತು! ಬಳಿಕ ಶಾಯಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದ ಹರಡಿ ಎರಡು ಉರುಳೆಗಳ ನಡುವೆ ಒತ್ತುತ್ತಿದ್ದರು. ಪ್ರತಿ ಹಾಳೆಗೂ ಇದೇ ವಿಧಾನ. ಅಕ್ಷರದ ಮೊಳೆಗಳೊಂದಿಗೆ ಒಟ್ಟಿಗೆ ಅಚ್ಚುಹಾಕುವಂತಿರಲಿಲ್ಲ. ಹೀಗಾಗಿ ಖರ್ಚೂ ಹೆಚ್ಚು.

ಇದಕ್ಕೆ ತಕ್ಕ ಕೈಗಳು ಕೆಲವೇ. ನದಾಲರ ಪುಸ್ತಕದ ಹೆಚ್ಚಿನ ತಗಡುಗಳನ್ನು ಕೆತ್ತಿದವರು ವೀರಿಕ್ಸ್ ಸಹೋದರರು. ಇವರನ್ನು ಕೆಲಸಕ್ಕೆ ಕರೆಯುವವರು ಹೆಂಡದಂಗಡಿಗಳಲ್ಲಿ ಹುಡುಕಿ, ಸಾಲ ತೀರಿಸಿ, ಒತ್ತೆಯಿಟ್ಟ ಉಪಕರಣಗಳನ್ನೂ ಬಿಡಿಸಿಕೊಡಬೇಕೆಂದು ಪ್ರಸಿದ್ಧ ಮುದ್ರಕ ಪ್ಲಾಂಟಿನ್ ಪತ್ರವೊಂದರಲ್ಲಿ ದೂರಿದ್ದರು. ಭಕ್ತಿಚಿತ್ರ ಕೆತ್ತಿದವರೆಲ್ಲ ಸಂತರಾಗಿರಲಿಲ್ಲ, ನಿಜ. ಆದರೆ ಅವರ ಗೆರೆಗಳನ್ನು ನೋಡಿದರೆ ಅವರನ್ನೇ ಏಕೆ ಹುಡುಕುತ್ತಿದ್ದರೆಂದು ತಿಳಿಯುತ್ತದೆ.

ಚಿತ್ರದೊಳಗೆ ಎ, ಬಿ, ಸಿ ಎಂದು ಅಕ್ಷರಗಳಿವೆ, ಕೆಳಗೆ ಅವುಗಳ ವಿವರಣೆಯಿದೆ. ಕ್ರಿಸ್ತಜಯಂತಿಯ ಚಿತ್ರದಲ್ಲಿ 'ಎ' ಬೆತ್ಲೆಹೇಮ್ ಪಟ್ಟಣ, 'ಬಿ' ತೆರಿಗೆ ಕಟ್ಟುವ ಸ್ಥಳ, 'ಸಿ' ಗವಿ. ಹುಲ್ಲಿನ ಮೇಲೆ ಮಲಗಿದ ಬಾಲಯೇಸು 'ಡಿ'. ಧ್ಯಾನಿಸುವವನು ತೆರಿಗೆ ಕಟ್ಟುವ ಜನರನ್ನು ದಾಟಿಯೇ ಗವಿಯೊಳಗೆ ಬರಬೇಕು.

1637ರಲ್ಲಿ ಯೇಸುಸಭೆಯ ವಂ. ಜೂಲಿಯೊ ಅಲೇನಿ ಚೀನಾದಲ್ಲಿ ಇದೇ ಚಿತ್ರಗಳ ಮಾದರಿಯಲ್ಲಿ ಯೇಸುವಿನ ಜೀವನದ ಪುಸ್ತಕ ಹೊರತಂದರು. ಅಲ್ಲಿನ ಕೆತ್ತನೆಗಾರರು ಬಳಸಿದ್ದು ಮರದ ಅಚ್ಚನ್ನು. ವೀರಿಕ್ಸರ ದಟ್ಟ ನೆರಳುಗಳು ಅಲ್ಲಿ ಬಹುಮಟ್ಟಿಗೆ ಮಾಯವಾಗಿ, ತಿಳಿಯಾದ ಗೆರೆಗಳಷ್ಟೇ ಉಳಿದಿವೆ.