ವಿದ್ಯಾದಾನಕ್ಕೊಂದು ಅಪ್ಪಣೆಚೀಟಿ

ವಿದ್ಯೆ ಕೊಟ್ಟಷ್ಟೂ ಬೆಳೆಯುತ್ತದೆಂದು ನಂಬಿ ಬಂದವರು ನಾವು. ಆದರೆ ಅದನ್ನು ಕೊಡುವುದಕ್ಕೂ ಕಾನೂನಿನ ಒಂದು ಚೀಟಿ ಬೇಕಾದ ಕಾಲ ಬಂದಿದೆ ಎಂದರೆ ವಾಚಕರಲ್ಲಿ ಕೆಲವರಾದರೂ ಹುಬ್ಬೇರಿಸಿಯಾರು. ಸಂಗತಿ ಮಾತ್ರ ನಿಜ. ನಮ್ಮ ದೇಶದ 1957ರ ಗ್ರಂಥಸ್ವಾಮ್ಯ ಕಾಯಿದೆಯ ಪ್ರಕಾರ, ಅಧ್ಯಾಪಕನೊಬ್ಬ ಪಾಠದ ಟಿಪ್ಪಣಿಯನ್ನು ಬರೆದು ಲೇಖನಿ ಕೆಳಗಿಟ್ಟೊಡನೆಯೇ ಅದರ ಮೇಲೆ ಹಕ್ಕು ಹುಟ್ಟುತ್ತದೆ. ಯಾವ ಕಚೇರಿಯಲ್ಲೂ ನೋಂದಾಯಿಸಬೇಕಾದುದಿಲ್ಲ. ಆ ಹಕ್ಕು ಲೇಖಕ ಗತಿಸಿದ ಮೇಲೂ 60 ವರ್ಷ ಉಳಿಯುತ್ತದೆ. ‘ಇದು ಎಲ್ಲರಿಗೂ ಸಲ್ಲಲಿ’ ಎಂದು ಅವನು ಮನಸ್ಸಿನಲ್ಲಿ ಎಷ್ಟೇ ಬಯಸಿದ್ದರೂ, ಬಾಯಿ ಬಿಟ್ಟು ಹೇಳದಿದ್ದರೆ ಬಾಗಿಲು ಮುಚ್ಚಿಯೇ ಇರುತ್ತದೆ.

ಈ ಬಾಗಿಲನ್ನು ವಿಶ್ವವಿದ್ಯಾನಿಲಯಗಳು ತೆರೆದ ಕಥೆ ತೀರ ಹಳೆಯದಲ್ಲ. ಅಂತರಜಾಲ ಹರಡುತ್ತಿದ್ದ ದಿನಗಳಲ್ಲಿ ಅಮೆರಿಕದ ಹಲವು ವಿದ್ಯಾಸಂಸ್ಥೆಗಳಿಗೆ ಪಾಠವನ್ನು ಮಾರಿ ಹಣ ಮಾಡುವ ಹಂಬಲ ಹತ್ತಿತ್ತು. ಕೊಲಂಬಿಯಾ ವಿಶ್ವವಿದ್ಯಾನಿಲಯ ಇದಕ್ಕಾಗಿಯೇ 2000ದಲ್ಲಿ ಫ್ಯಾದಮ್ ಎಂಬ ಕಂಪನಿಯನ್ನು ಕಟ್ಟಿತು. 2003ರಲ್ಲಿ ಅದನ್ನು ಮುಚ್ಚಬೇಕಾಯಿತು. ಮೆಸಚೂಸೆಟ್ಸಿನ ತಂತ್ರವಿದ್ಯಾ ಸಂಸ್ಥೆಯಾದ ಎಂ.ಐ.ಟಿ.ಯಲ್ಲಿಯೂ ಅಧ್ಯಾಪಕರ ಸಮಿತಿಯೊಂದು ಇದೇ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಕುಳಿತಿತು. ಲೆಕ್ಕ ಹಾಕಿ ನೋಡಿ ಅದು ಬೇರೊಂದು ದಾರಿಯನ್ನು ಸೂಚಿಸಿತು: ಮಾರುವುದು ಬೇಡ, ಕೊಟ್ಟುಬಿಡೋಣ. 2001ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಚಾರ್ಲ್ಸ್ ವೆಸ್ಟ್ ಈ ಸಂಕಲ್ಪವನ್ನು ಲೋಕಕ್ಕೆ ಸಾರಿದರು. ಮರುವರ್ಷ ಸೆಪ್ಟೆಂಬರಿನಲ್ಲಿ ಮೊದಲ ಪಾಠಕ್ರಮಗಳು ಹೊರಬಂದವು. 2007ರ ಹೊತ್ತಿಗೆ ಅವುಗಳ ಸಂಖ್ಯೆ ಸುಮಾರು 1800ಕ್ಕೆ ಮುಟ್ಟಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ನೋಡಲು ಬಿಡುವುದು ಬೇರೆ, ಬಳಸಲು ಬಿಡುವುದು ಬೇರೆ. ಗಾಜಿನ ಬೀರುವಿನಲ್ಲಿಟ್ಟ ಪುಸ್ತಕದ ಬೆನ್ನನ್ನು ಯಾರು ಬೇಕಾದರೂ ನೋಡಬಹುದು, ಅದರಿಂದ ಓದಿದಂತಾಗುವುದಿಲ್ಲ. ಅಂತರಜಾಲದಲ್ಲಿ ಪಾಠವನ್ನು ಪುಕ್ಕಟೆಯಾಗಿ ತೋರಿಸಿದರೂ, ಅದನ್ನು ಅನುವಾದಿಸಲು, ತಿದ್ದಿ ತನ್ನ ತರಗತಿಗೆ ಹೊಂದಿಸಿಕೊಳ್ಳಲು, ಅಚ್ಚು ಹಾಕಿಸಿ ಹಂಚಲು ಅಪ್ಪಣೆ ಬೇಕೇ ಬೇಕು. ಸಾವಿರ ಜನ ಸಾವಿರ ಕಾಗದ ಬರೆದು ಕೇಳುವ ಬದಲು, ಕರ್ತೃವೇ ಮುಂಚಿತವಾಗಿ ಎಲ್ಲರಿಗೂ ಒಂದೇ ಮಾತಿನಲ್ಲಿ ಅಪ್ಪಣೆ ಕೊಟ್ಟಿಟ್ಟರೆ? 1998ರಲ್ಲಿ ಡೇವಿಡ್ ವೈಲಿ ಎಂಬುವರು ಇಂಥದೊಂದು ಮುಕ್ತ ಪರವಾನಗಿಯನ್ನು ರಚಿಸಿದರು. ಕಾನೂನು ಪ್ರಾಧ್ಯಾಪಕ ಲಾರೆನ್ಸ್ ಲೆಸಿಗ್ ಮತ್ತವರ ಸಂಗಡಿಗರು 2001ರಲ್ಲಿ ಕ್ರಿಯೇಟಿವ್ ಕಾಮನ್ಸ್ ಸಂಸ್ಥೆಯನ್ನು ಸ್ಥಾಪಿಸಿ, 2002ರ ಡಿಸೆಂಬರಿನಲ್ಲಿ ತಮ್ಮ ಪರವಾನಗಿಗಳನ್ನು ಪ್ರಕಟಿಸಿದರು. ಮುಂದೆ ಎಂ.ಐ.ಟಿ.ಯ ಪಾಠಗಳೂ ಅದನ್ನೇ ಧರಿಸಿದವು: ಕರ್ತೃವಿನ ಹೆಸರು ಹೇಳಿ, ವ್ಯಾಪಾರಕ್ಕೆ ಬಳಸಬೇಡಿ, ನೀವು ತಿದ್ದಿದ್ದನ್ನೂ ಇದೇ ಕರಾರಿನ ಮೇಲೆ ಹಂಚಿ. ನಮ್ಮ ಕಡೆ ಬೇಸಗೆಯ ದಾರಿಯಲ್ಲಿ ಇಡುತ್ತಿದ್ದ ಅರವಟ್ಟಿಗೆಯ ನೆನಪು ನನಗಾಗುತ್ತದೆ. ನೀರು ಕುಡಿಯಲೇ ಎಂದು ಅಲ್ಲಿ ಯಾರೂ ಮನೆಯ ಯಜಮಾನನನ್ನು ಹುಡುಕಿಕೊಂಡು ಹೋಗುತ್ತಿರಲಿಲ್ಲ.

ಕನ್ನಡಿಗರಿಗೆ ಇದು ದೂರದ ಮಾತೂ ಅಲ್ಲ. ಮೈಸೂರು ವಿಶ್ವವಿದ್ಯಾನಿಲಯ ಕನ್ನಡ ವಿಶ್ವಕೋಶದ ಮೊದಲ ಸಂಪುಟವನ್ನು ಹೊರತಂದದ್ದು 1969ರಲ್ಲಿ. ಅನೇಕ ವಿದ್ವಾಂಸರ ಶ್ರಮದಿಂದ ಅದು 14 ಸಂಪುಟಗಳಾಗಿ ಬೆಳೆಯಿತು. ಅಂಥ ಕೃತಿಯನ್ನು ವಿಶ್ವವಿದ್ಯಾನಿಲಯ 2014ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿತು. ಸ್ವಯಂಸೇವಕರು ಅದರ ಲೇಖನಗಳನ್ನು ಕನ್ನಡ ವಿಕಿಸೋರ್ಸಿಗೆ ಏರಿಸಿದರು. ಗ್ರಂಥಾಲಯದ ಮೆಟ್ಟಿಲು ಹತ್ತಲಾಗದವರ ಕೈಗೂ ಹೀಗೆ ವಿಶ್ವಕೋಶ ಎಟುಕಿತು. ಇದಕ್ಕೆ ಹೊಸ ಕಟ್ಟಡವಾಗಲಿ ಹೊಸ ಇಲಾಖೆಯಾಗಲಿ ಬೇಕಾಗಲಿಲ್ಲ; ಮುಖ್ಯವಾಗಿ ಬೇಕಾದದ್ದು ಒಂದು ಒಪ್ಪಿಗೆ.

‘ಹಾಗಾದರೆ ಲೇಖಕನ ಹೊಟ್ಟೆಪಾಡು?’ ಎಂದು ಕೇಳುವವರಿದ್ದಾರೆ, ಕೇಳತಕ್ಕದ್ದೇ. ಪುಸ್ತಕದ ಗೌರವಧನವನ್ನೇ ನಂಬಿದ ಕಾದಂಬರಿಕಾರನಿಗೆ ಈ ದಾನವನ್ನು ಯಾರೂ ಹೇರುತ್ತಿಲ್ಲ. ಪರವಾನಗಿ ಕೊಡುವುದೂ ಬಿಡುವುದೂ ಹಕ್ಕುದಾರನ ಇಚ್ಛೆ. ಆದರೆ ಸರ್ಕಾರದ ಹಣದಿಂದ ನಡೆಯುವ ವಿಶ್ವವಿದ್ಯಾನಿಲಯವು ಸಂಬಳ ಕೊಟ್ಟು ಬರೆಯಿಸಿದ ಪಠ್ಯಕ್ಕೆ ಜನ ಒಮ್ಮೆ ಬೆಲೆ ತೆತ್ತಾಗಿದೆ. ಅದನ್ನು ಮತ್ತೆ ಬೀಗದೊಳಗಿಡುವುದರಲ್ಲಿ ನನಗೆ ನ್ಯಾಯ ಕಾಣುವುದಿಲ್ಲ. 2019ರಲ್ಲಿ ಯುನೆಸ್ಕೋದ ಮಹಾಧಿವೇಶನವು ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಬಗೆಗೆ ಶಿಫಾರಸೊಂದನ್ನು ಅಂಗೀಕರಿಸಿ, ಸದಸ್ಯ ರಾಷ್ಟ್ರಗಳನ್ನು ಈ ದಿಕ್ಕಿಗೆ ಕರೆದಿದೆ.

ಕನ್ನಡದಲ್ಲಿ ವಿಜ್ಞಾನವನ್ನೂ ಅರ್ಥಶಾಸ್ತ್ರವನ್ನೂ ಬರೆಯಲು ಹೆಣಗಿದ ಅಧ್ಯಾಪಕರು ಎಷ್ಟೋ ಮಂದಿ. ಮರುಮುದ್ರಣ ಕಾಣದ ಅಂಥ ಒಂದು ಪುಸ್ತಕವನ್ನು ಇಂದಿನ ತರುಣ ಅಧ್ಯಾಪಕ ತಿದ್ದಿ ಹೊಸದಾಗಿಸಬೇಕೆಂದರೆ, ಹಕ್ಕು ಯಾರದೆಂದು ಮೊದಲು ಹುಡುಕಬೇಕು. ಕರ್ತೃ ತೀರಿಕೊಂಡಿದ್ದರೆ ಮಕ್ಕಳನ್ನು, ಮೊಮ್ಮಕ್ಕಳನ್ನು ಊರೂರು ವಿಚಾರಿಸಬೇಕು. ಆ ಹುಡುಕಾಟದಲ್ಲಿಯೇ ಅನೇಕರ ಉತ್ಸಾಹ ಬತ್ತಿ ಹೋಗುತ್ತದೆ. ಬರೆದವರು ನಮ್ಮ ನಡುವೆ ಇರುವಾಗಲೇ ವಿಶ್ವವಿದ್ಯಾನಿಲಯಗಳು ಅವರ ಬಳಿಗೆ ಹೋಗಿ, ಮುಖಪುಟದ ಹಿಂದೆ ಅಚ್ಚಾಗಬೇಕಾದ ಆ ಒಂದು ಸಾಲಿಗೆ ರುಜು ಪಡೆಯಲಿ.